ಸ್ಟೈಲಿನ ಮಾವ, ಸತ್ವದ ಅಳಿಯ

ನನ್ನ ಸೋದರಮಾವನಿಗೆ ಇಂಗ್ಲಿಷ್ ಬರುವುದಿಲ್ಲ. ಹಾಗಾಗಿಯೇ ಇಡೀ ಹೊಸಪೇಟೆ ತಾಲ್ಲೂಕಿನಲ್ಲಿ ಇಂಗ್ಲಿಷ್ ಸಿನಿಮಾಗಳನ್ನು ಪೂರ್ತಿಯಾಗಿ ಅರ್ಥ ಮಾಡಿಕೊಂಡಿರುವ ಏಕೈಕ ಮನುಷ್ಯ ಅವನು!

ನೀವು ನಗಬಹುದು. ನಾನೂ ಬಹಳ ವರ್ಷ ನಕ್ಕೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಅದು ಸಾಲದೆಂದು ವೈಜ್ಞಾನಿಕ ಸಿನಿಮಾಗಳ ಮೇಲೆ ದಪ್ಪನೆಯ ಪ್ರಬಂಧ ಬರೆದು, ಹೆಸರಿನ ಮುಂದೆ ಡಾಕ್ಟರ್ ಅಂಟಿಸಿಕೊಂಡವನು ನಾನು. ಭೌತಶಾಸ್ತ್ರದವರು ಅದನ್ನು ಸಿನಿಮಾ ಎಂದರು, ಸಿನಿಮಾದವರು ಭೌತಶಾಸ್ತ್ರ ಎಂದರು. ಹೀಗಾಗಿ ಎರಡೂ ಕಡೆಯವರು ಓದಲಿಲ್ಲ, ಪದವಿ ಸಿಕ್ಕಿತು. ಈಗ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಇಷ್ಟೆಲ್ಲ ಓದಿದವನು ನಗದೆ ಇನ್ನೇನು ಮಾಡಲಿ? ಆದರೆ ಈಚೆಗೆ ನಗು ಬರುತ್ತಿಲ್ಲ, ಹೊಟ್ಟೆ ಉರಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಂತು ಎರಡು ಪ್ಲೇಟು ಮಿರ್ಚಿ ತಿಂದವನಿಗೂ ಅಷ್ಟು ಉರಿಯಲಾರದು.

ಮಾವ ನೋಡುವುದು ಒಂದೇ ಜಾತಿಯ ಸಿನಿಮಾ. ಆಕಾಶದಿಂದ ಯಾರೋ ಇಳಿದು ಬರಬೇಕು. ಮನುಷ್ಯ ಅರ್ಧ ಯಂತ್ರವಾಗಿರಬೇಕು. ಗಾಜಿನ ಕಟ್ಟಡಗಳು ಪುಡಿಪುಡಿಯಾಗುತ್ತಿರಬೇಕು, ಹೀರೋ ಮಾತ್ರ ಒಂದು ಕೂದಲೂ ಕೆದರದಂತೆ ಹೊಗೆಯೊಳಗಿಂದ ನಡೆದು ಬರಬೇಕು. ಸಿನಿಮಾ ಇಂಗ್ಲಿಷಿನಲ್ಲೇ ಇರಬೇಕು. ಡಬ್ಬಿಂಗ್ ಆಗಿದ್ದರೆ ಟಿಕೆಟ್ ಹರಿದು ಎದ್ದು ಬರುತ್ತಾನೆ. ಯಾಕೆ ಎಂದು ಕೇಳಿದೆ.

"ಮಾತು ಅರ್ಥ ಆದ್ರ ಅವ್ರು ಹೇಳಿದ್ದಷ್ಟ ಗೊತ್ತಾಗತೈತಿ ಅಳಿಯಾ. ಆಗ್ಲಿಲ್ಲ ಅಂದ್ರ ಎಲ್ಲಾ ಗೊತ್ತಾಗತೈತಿ!"

ಈ ಒಂದು ವಾಕ್ಯವನ್ನು ನಾನು ಹೇಳಿದ್ದರೆ ಯಾವುದಾದರೂ ವಿಚಾರಗೋಷ್ಠಿಗೆ ಕರೆಯುತ್ತಿದ್ದರು. ಅವನು ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಹೇಳಿ ಮರೆತುಬಿಟ್ಟ.

ಮಾವ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟರನ ಕೈಕೆಳಗೆ ಫಿಟ್ಟರ್. ವಾಸ ಕಡ್ಡಿರಾಂಪುರ. ಅವನ ಬಳಿ ಮೊಣಕಾಲಿನ ಕೆಳಗಿನವರೆಗೆ ಇಳಿಯುವ ಒಂದು ಕಪ್ಪು ರೇನ್‌ಕೋಟಿದೆ. ನಮ್ಮ ಕಡೆಯ ಮಳೆಗೆ ರೇನ್‌ಕೋಟು ಕೊಳ್ಳುವುದೇ ಒಂದು ವೈಜ್ಞಾನಿಕ ಕಲ್ಪನೆ. ಆ ಕೋಟಿನ ಬೆನ್ನಿನ ಕೆಳಗೆ ದರ್ಜಿಯಿಂದ ಸೀಳು ಹಾಕಿಸಿದ್ದಾನೆ, ನಡೆದಾಗ ಬಾಲ ಹಾರಲಿ ಎಂದು. ಆದರೆ ಹಾರಲು ಗಾಳಿ ಬೇಕಲ್ಲ! ಅದಕ್ಕೆ ಮೊಪೆಡ್ ಏರಿದ. ಒಮ್ಮೆ ಹಾಗೆ ಹಾರಿಸಿಕೊಂಡು ಹೋಗುವಾಗ ಕಬ್ಬು ತುಂಬಿದ ಟ್ರ್ಯಾಕ್ಟರಿನ ಟ್ರೇಲರಿಗೆ ಕೋಟಿನ ಬಾಲ ಸಿಕ್ಕಿಕೊಂಡಿತು. ಡ್ರೈವರನಿಗೆ ಕೇಳಿಸಲಿಲ್ಲ. ಮಾವ ಕೂಗಲಿಲ್ಲ. ಕೂಗಿದರೆ ಸ್ಟೈಲ್ ಕೆಡುತ್ತದೆ. ಟ್ರ್ಯಾಕ್ಟರಿನ ವೇಗಕ್ಕೆ ಮೊಪೆಡ್ ಹೊಂದಿಸಿಕೊಂಡು, ಕತ್ತು ನೆಟ್ಟಗೆ ಇಟ್ಟುಕೊಂಡು, ಕಮಲಾಪುರದವರೆಗೂ ಕಬ್ಬಿಗೆ ಬೆಂಗಾವಲಾಗಿ ಹೋದ.

ಹೊಟ್ಟೆಕಿಚ್ಚಿನ ಸಂಗತಿ ಅದಲ್ಲ. ಕಡ್ಡಿರಾಂಪುರದ ಹೋಟೆಲಿನ ಮುಂದೆ ಹಂಪಿ ನೋಡಲು ಬಂದ ನಾಲ್ವರು ವಿದೇಶಿಯರು ಅವನನ್ನು ನಿಲ್ಲಿಸಿ, ಬಂಡೆಗಳ ಎದುರು ಒಯ್ದು, ಅರ್ಧ ಗಂಟೆ ಫೋಟೊ ತೆಗೆದರು. ಪಕ್ಕದಲ್ಲೇ ನಿಂತಿದ್ದ ನಾನು ಆ ಬಂಡೆಗಳು ಹೇಗೆ ಆದವೆಂದು ಶುದ್ಧ ಇಂಗ್ಲಿಷಿನಲ್ಲಿ ವಿವರಿಸಲು ಹೋದೆ. ಅವರಲ್ಲಿ ಒಬ್ಬಳು ಬಹಳ ಮರ್ಯಾದೆಯಿಂದ, ಸ್ವಲ್ಪ ಪಕ್ಕಕ್ಕೆ ಸರಿಯಬೇಕೆಂದು ಕೇಳಿಕೊಂಡಳು. ನನ್ನ ನೆರಳು ಮಾವನ ಮೇಲೆ ಬೀಳುತ್ತಿತ್ತಂತೆ!

ಇನ್ನೊಂದು ವ್ರತವೂ ಇದೆ ಅವನಿಗೆ. ಬೆನ್ನ ಹಿಂದೆ ಏನೇ ಸಿಡಿದರೂ ತಿರುಗಿ ನೋಡುವಂತಿಲ್ಲ. ಆ ಸಿನಿಮಾಗಳ ಹೀರೋಗಳು ನೋಡುವುದಿಲ್ಲವಲ್ಲ. ಸಂಡೂರಿನಲ್ಲಿ ನಮ್ಮ ಸಂಬಂಧಿಕರ ಮದುವೆ. ಮಧ್ಯಾಹ್ನ ಊಟದ ಹೊತ್ತಿಗೆ ಗಣಿಯ ಕಡೆಯಿಂದ ಬಂಡೆ ಸಿಡಿಸಿದ ಸದ್ದು ಬಂತು. ಪಂಕ್ತಿಯಲ್ಲಿದ್ದವರೆಲ್ಲ ಆ ಕಡೆ ತಿರುಗಿದರು. ಇಂಥ ಅವಕಾಶ ಜೀವಮಾನದಲ್ಲಿ ಒಮ್ಮೆ! ಮಾವ ಕಪ್ಪು ಕನ್ನಡಕ ಏರಿಸಿದ, ನಿಧಾನಕ್ಕೆ ಈ ಕಡೆ ನಡೆಯತೊಡಗಿದ. ಹಿಂದೆ ಧೂಳು, ಮುಂದೆ ಅವನು. ಎಂಥ ದೃಶ್ಯ! ಹಿಂದೆ ನೋಡಬಾರದೆಂಬ ನಿಯಮದಲ್ಲಿ ಮುಂದೆ ನೋಡಬೇಕೆಂಬ ನಿಯಮ ಇರಲಿಲ್ಲವಾದ್ದರಿಂದ, ಒಂದು ಕಾಲನ್ನು ನೇರವಾಗಿ ಸಾರಿನ ಬೋಗುಣಿಯೊಳಗೆ ಇಟ್ಟ. ಸುಟ್ಟಿತು. ಆದರೆ ತಿರುಗಲಿಲ್ಲ, ಮುಖ ಕಿವುಚಲಿಲ್ಲ. ಬೋಗುಣಿಯಿಂದ ಕಾಲು ತೆಗೆದು ಅದೇ ನಡಿಗೆಯಲ್ಲಿ ಮುಂದೆ ಹೋದ. ಅಥವಾ ಅದು ಪಾಯಸದ ಬೋಗುಣಿಯೋ? ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಏನೇ ಇರಲಿ, ಮದುಮಗನ ಹೆಸರು ಇವತ್ತು ಯಾರಿಗೂ ನೆನಪಿಲ್ಲ, ಮಾವನ ಕಾಲು ಎಲ್ಲರಿಗೂ ನೆನಪಿದೆ.

ಇನ್ನು ಅವನ ಶಿಫ್ಟ್ ಬಸ್ಸಿನ ಕಥೆ ಕೇಳಿ. ಹೊಸಪೇಟೆಯಿಂದ ತೋರಣಗಲ್ಲಿಗೆ ಹೋಗುವ ಆ ಬಸ್ಸಿನಲ್ಲಿ ಮಾವ ದಿನಕ್ಕೆ ಅರ್ಧ ಸಿನಿಮಾ ಹೇಳುತ್ತಾನೆ. ಹೋಗುವಾಗ ಇಂಟರ್‌ವಲ್‌ವರೆಗೆ, ಬರುವಾಗ ಉಳಿದದ್ದು. ಒಂದು ದಿನ ಅವನ ಪರಾಕ್ರಮ ನೋಡಲೆಂದೇ ಹತ್ತಿದೆ. ಡ್ರೈವರ್ ರೇಡಿಯೊ ಬಂದ್ ಮಾಡಿದ. ಕಿಟಕಿ ಪಕ್ಕದವರು ಕಿಟಕಿ ಮುಚ್ಚಿದರು. ಮಾವ ಎಂಜಿನ್ ಬಾನೆಟ್ಟಿಗೆ ಒರಗಿ ನಿಂತು ಶುರುಮಾಡಿದ: ಬೇರೆ ಗ್ರಹದವರು ಭೂಮಿಗೆ ಬಂದಿದ್ದಾರೆ. ಯಾಕೆ ಬಂದರು?

"ಅದಿರಿಗೆ!" ಎಂದ ಮಾವ. "ಅವ್ರ ಊರಾಗ ಖಾಲಿ ಆಗೈತಿ. ಅಲ್ಲೂ ಗುಡ್ಡ ಎಲ್ಲಾ ತೋಡ್ಯಾರ, ಕೆಂಪು ಧೂಳು ಕುಡುದಾರ, ಈಗ ನಮ್ಮ ಗುಡ್ಡದ ಮ್ಯಾಲ ಕಣ್ಣು!"

"ಪರ್ಮಿಟ್ ಐತೇನು ಅವ್ರಿಗೆ?" ಹಿಂದಿನ ಸೀಟಿನಿಂದ ಒಬ್ಬ ಕೇಳಿದ.

"ಅದ ಮತ್ತ! ಹೀರೋನೂ ಅದ ಕೇಳ್ತಾನ. ಅವ್ರು ಪರ್ಮಿಟ್ ತೋರ್ಸಂಗಿಲ್ಲ, ಬಂದೂಕ ತೋರಸ್ತಾರ. ಫೈಟು ಶುರು ಆಗೋದ ಅಲ್ಲಿಂದ!"

ಆ ಸಿನಿಮಾವನ್ನು ನಾನು ನೋಡಿದ್ದೆ. ಅದರಲ್ಲಿ ಅದಿರಿನ ಸುದ್ದಿಯೇ ಇಲ್ಲ. ನಾನು ಎದ್ದು ನಿಂತು, ಅದಿರಿರಲಿ, ಬಾಹ್ಯಾಕಾಶ ಎಂದರೆ ಶೂನ್ಯ, ಶೂನ್ಯದಲ್ಲಿ ಶಬ್ದ ಹರಡುವುದಿಲ್ಲ, ಆದ್ದರಿಂದ ಅಲ್ಲಿ ನಡೆಯುವ ಸ್ಫೋಟಗಳ ಸದ್ದು ಕೇಳುವುದು ಅಸಾಧ್ಯ ಎಂದು ತಿಳಿಸಿದೆ. ಇಡೀ ಬಸ್ಸು ನನ್ನನ್ನು ಟಿಕೆಟ್ ಇಲ್ಲದೆ ಹತ್ತಿದವನಂತೆ ನೋಡಿತು.

"ಶಬ್ದ ಇಲ್ಲಂದ್ರ ಒಡೀತು ಅಂತ ಪಬ್ಲಿಕ್‌ಗೆ ಹೆಂಗ ಗೊತ್ತಾಗಬೇಕ್ಲೇ?" ಎಂದ ಮಾವ. "ನೀ ಹೋಗಿ ಹೇಳ್ತೀಯೇನು, ಒಬ್ಬೊಬ್ಬರ ಕಿವ್ಯಾಗ?"

ಬಸ್ಸು ನಕ್ಕಿತು. ಅವತ್ತು ಇಬ್ಬರು ತಮ್ಮ ಸ್ಟಾಪಿನಲ್ಲಿ ಇಳಿಯುವುದನ್ನು ಮರೆತರು. ನನ್ನ ತರಗತಿಯಲ್ಲಿ ಯಾರೂ ಇಳಿಯುವುದನ್ನು ಮರೆತ ದಾಖಲೆಯಿಲ್ಲ. ಗಂಟೆ ಹೊಡೆಯುವ ಎರಡು ನಿಮಿಷ ಮೊದಲೇ ಚೀಲದ ಜಿಪ್ಪುಗಳ ಸದ್ದು ಶುರುವಾಗುತ್ತದೆ.

ಮನೆಯಲ್ಲಾದರೂ ನೆಮ್ಮದಿಯೇ? ಶನಿವಾರ ಸಂಜೆ ಅವನು ನಮ್ಮ ಮನೆಗೆ ಬರುತ್ತಾನೆ. ಅವನ ಅಕ್ಕ, ಅಂದರೆ ನನ್ನ ಅವ್ವ, ನಮ್ಮ ಜೊತೆಯೇ ಇರುವುದು. ನನ್ನ ಹೆಂಡತಿಯೋ, ನಾನು ಕಷ್ಟಪಟ್ಟು ಆರಿಸಿ ತೋರಿಸಿದ ಒಂದು ಒಳ್ಳೆಯ ಸಿನಿಮಾವನ್ನು, ವಿಜ್ಞಾನಿಯೊಬ್ಬ ಒಂದೂವರೆ ಗಂಟೆ ಕಿಟಕಿಯಿಂದ ನಕ್ಷತ್ರ ನೋಡುತ್ತ ಯೋಚಿಸುವ ಸಿನಿಮಾವನ್ನು, ನೋಡುತ್ತ ನಿದ್ದೆ ಹೋದವಳು, ಮಾವ ಬಂದ ಕೂಡಲೇ ಎದ್ದು ಕೂತು, "ಮಾವಾರ, ಇದರ ಕಥಿ ಹೇಳ್ರಿ," ಎಂದಳು. ಮಾವ ಆ ಸಿನಿಮಾ ನೋಡಿಯೇ ಇರಲಿಲ್ಲ! ಆದರೂ ಹೇಳಿದ. ಅದರಲ್ಲಿ ಆ ವಿಜ್ಞಾನಿಗೆ ಒಬ್ಬ ಅವಳಿ ತಮ್ಮನಿದ್ದ, ಅವನು ನಕ್ಷತ್ರದಲ್ಲಿ ಸಿಕ್ಕಿಕೊಂಡಿದ್ದ. ಅವ್ವ ಕಣ್ಣು ಒರೆಸಿಕೊಂಡಳು.

ನನಗೆ ತಡೆಯಲಾಗಲಿಲ್ಲ. "ಮಾವ, ಇದೆಲ್ಲ ಬರೀ ಸ್ಟೈಲು. ಸಿನಿಮಾದಾಗ ಸತ್ವ ಅಂತ ಒಂದು ಇರ್ತೈತಿ. ಕೋಟು, ಕನ್ನಡಕ, ಬೆಂಕಿ ತಗದುಬಿಟ್ರ ಏನು ಉಳೀತೈತೋ ಅದು ಸತ್ವ."

ಮಾವ ಚಹಾದ ಲೋಟ ಕೆಳಗಿಟ್ಟ. "ನಮ್ಮ ಫ್ಯಾಕ್ಟರ್‍ಯಾಗ ಕಬ್ಬಿಣ ಕರಗಿ ಹರಿಯೂಮುಂದ ನೋಡೀಯೇನು?"

"ಇಲ್ಲ."

"ಕೆಂಪಗ, ಆಮ್ಯಾಲ ಹಳದಿ, ಆಮ್ಯಾಲ ಬೆಳ್ಳಗ. ಕಣ್ಣು ಕುಕ್ಕತೈತಿ. ಈಗ ನೀ ಓದಿದಾಂವ, ಹೇಳು. ಆ ಬಣ್ಣ ಐತಲ್ಲ, ಅದು ಸ್ಟೈಲೋ, ಸತ್ವನೋ?"

ನನಗೆ ಉತ್ತರ ಗೊತ್ತಿತ್ತು. ಅದೇ ಸಂಕಟ. ಕಾದ ಕಬ್ಬಿಣದ ಬಣ್ಣ ಎಂದರೆ ಅದರ ಶಾಖವೇ. ಬಣ್ಣವನ್ನು ತೆಗೆದು ಬರೀ ಶಾಖ ಉಳಿಸಿಕೊಳ್ಳಲು ಬರುವುದಿಲ್ಲ. ಇದನ್ನು ನಾನೇ ಪ್ರತಿ ವರ್ಷ ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. "ಚಹಾ ಆರೇತಿ ನೋಡು," ಎಂದು ಮಾತು ಬದಲಿಸಿದೆ. ಮಾವ ಗೆದ್ದದ್ದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಚಿಂತೆಯಿರಲಿಲ್ಲ, ನನಗೆ ಗೊತ್ತಾಯಿತಲ್ಲ!

ಹೀಗಿರುವಾಗ ನಮ್ಮ ಕಾಲೇಜಿನಲ್ಲಿ ಸಿನಿಮಾ ಕೂಟ ಶುರುವಾಯಿತು. ಅಧ್ಯಕ್ಷ ನಾನು. ಕೊನೆಗೂ ನನ್ನ ಕಾಲ ಬಂತು ಎಂದುಕೊಂಡೆ. ಮೊದಲ ಪ್ರದರ್ಶನಕ್ಕೆ ಅತಿಥಿ ಯಾರಾಗಬೇಕು ಎಂದು ಕೇಳಿದ್ದೇ ತಪ್ಪಾಯಿತು. ಒಬ್ಬ ವಿದ್ಯಾರ್ಥಿನಿ ಎದ್ದಳು.

"ಸರ್, ನಿಮ್ಮ ಮಾವಾರನ್ನ ಕರಸ್ರಿ. ನಮ್ಮಪ್ಪ ಅವ್ರ ಬಸ್ಸಿನ್ಯಾಗ ಹೋಗ್ತಾರ. ಕಥಿ ಕೇಳಿ ಬಂದು ಮನ್ಯಾಗ ಹೇಳ್ತಾರ."

"ಮತ್ತೆ ನನ್ನ ಉಪನ್ಯಾಸ?"

"ಅದೂ ಇರಲ್ರಿ ಸರ್."

ಅದೂ ಇರಲಿ! ಆಗಲಿ ಎಂದು ಹಲ್ಲು ಕಚ್ಚಿಕೊಂಡು ಒಪ್ಪಿದೆ. ಆದರೆ ಸಿನಿಮಾ ನನ್ನದು. ಅದರ ಮಟ್ಟಿಗೆ ಮಾವನಿಗೂ ನಾನು ಜಾಗ ಬಿಡುವವನಲ್ಲ.

ಆ ಸಿನಿಮಾದ ಬಗ್ಗೆ ಸ್ವಲ್ಪ ಹೇಳಬೇಕು. ನನಗೆ ಏಳು ವರ್ಷವಿದ್ದಾಗ ಅದನ್ನು ಕಂಪ್ಲಿಯ ಟಾಕೀಸಿನಲ್ಲಿ ನೋಡಿದೆ. ಕರೆದುಕೊಂಡು ಹೋದದ್ದು, ಬೇರೆ ಯಾರು, ಮಾವನೇ. ನನ್ನ ಒಳ್ಳೆಯ ನೆನಪುಗಳಲ್ಲೆಲ್ಲ ಅವನ ಮೊಣಕೈ ಒಂದು ಇದ್ದೇ ಇರುತ್ತದೆ. ಸಂಡೂರಿನಿಂದ ಅದಿರು ಸಾಗಿಸುವ ಲಾರಿ ಓಡಿಸುತ್ತಿದ್ದ ನಮ್ಮಪ್ಪ ತೀರಿಕೊಂಡ ವರ್ಷ ಅದು. ಸಿನಿಮಾದ ಹೀರೋ ಕೂಡ ಒಬ್ಬ ಅಪ್ಪ. ಅವನದು ಕಬ್ಬಿಣದ ಕೈ. ಮಗನನ್ನು ಉಳಿಸಲು ಇಡೀ ಯಂತ್ರಲೋಕದ ಮೇಲೆ ಬಿದ್ದು ಹೊಡೆದಾಡುತ್ತಾನೆ, ದೊಡ್ಡ ಸ್ಫೋಟದಲ್ಲಿ ಸಾಯುತ್ತಾನೆ. ಆಮೇಲೆ ಬರುತ್ತದೆ ನೋಡಿ ಅದ್ಭುತ. ಪರದೆ ಒಂದು ಕ್ಷಣ ಕಪ್ಪಾಗುತ್ತದೆ. ಕಾಲ ಹಿಂದಕ್ಕೆ ತಿರುಗುತ್ತದೆ. ಅಪ್ಪ ಬದುಕಿದ್ದಾನೆ, ಕಬ್ಬಿಣದ ಕೈ ಹೋಗಿ ನಿಜವಾದ ಕೈ ಬಂದಿದೆ, ಅಪ್ಪ ಮಗ ಹಾರುವ ಬಂಡಿಯಲ್ಲಿ ಕೂತು ನಗುತ್ತಿದ್ದಾರೆ. ನಗು ಅರ್ಧದಲ್ಲಿರುವಾಗಲೇ ಸಿನಿಮಾ ಮುಗಿಯುತ್ತದೆ.

ಹೊಡೆದಾಟದ ಸಿನಿಮಾವೊಂದು ಇಷ್ಟು ದೊಡ್ಡ ಮಾತು ಹೇಳಬಲ್ಲದೆ! ನನ್ನ ಪ್ರಬಂಧದಲ್ಲಿ ಇದೊಂದರ ಮೇಲೆ ಮೂವತ್ತೊಂದು ಪುಟ ಬರೆದಿದ್ದೇನೆ. ಆ ಅಜ್ಞಾತ ನಿರ್ದೇಶಕನ ಧೈರ್ಯ, ಕಾಲದ ಕ್ರಮವನ್ನು ಮುರಿದ ಬಗೆ, ಅರ್ಧ ನಗುವಿನ ಮುಕ್ತ ಅಂತ್ಯ, ಎಲ್ಲವನ್ನೂ ಬಿಡಿಸಿಟ್ಟಿದ್ದೇನೆ. ಆ ಸಿನಿಮಾ ಮತ್ತೆ ಎಲ್ಲಿ ನೋಡಿದಿರಿ ಎನ್ನುತ್ತೀರಾ? ಎಲ್ಲೂ ಇಲ್ಲ. ಅದರ ಹೆಸರೂ ನನಗೆ ಗೊತ್ತಿರಲಿಲ್ಲ. ಟಾಕೀಸಿನವರು ಪೋಸ್ಟರಿಗೆ ತಮಗೆ ತೋಚಿದ ಹೆಸರು ಬರೆಸಿದ್ದರು. ಸಾರೋ ಪಾಯಸವೋ ಎಂದು ನಿನ್ನೆ ಮೊನ್ನೆಯದನ್ನೇ ಅನುಮಾನಿಸುವ ನಾನು ಈ ಒಂದು ನೆನಪನ್ನು ಮಾತ್ರ ಯಾವತ್ತೂ ಅನುಮಾನಿಸಿರಲಿಲ್ಲ.

ಕಬ್ಬಿಣದ ಕೈ, ಹಾರುವ ಬಂಡಿ ಎಂದು ಹೇಳಿದ್ದೇ ತಡ, ಹುಡುಗರು ಎರಡು ದಿನದಲ್ಲಿ ಫೋನಿನಲ್ಲಿ ಹುಡುಕಿ ತಂದರು. ಒಂದು ದೃಶ್ಯ ತೋರಿಸಿದರು. ಅದೇ! ಪೂರ್ತಿ ನೋಡುವುದು ಎಲ್ಲರ ಜೊತೆಗೇ ಆಗಲಿ ಎಂದೆ. ಪ್ರದರ್ಶನದ ದಿನ ಮುಂದಿನ ಸಾಲಿನಲ್ಲಿ ಮಾವ, ಕೋಟು ಸಮೇತ. ನಾನು ಮುಕ್ಕಾಲು ಗಂಟೆ ಮಾತಾಡಿ, "ಈ ಚಿತ್ರದಲ್ಲಿ ಸಾವು ಕೊನೆಯಲ್ಲ, ನೋಡುತ್ತಿರಿ," ಎಂದು ಹೇಳಿ ದೀಪ ಆರಿಸಿದೆ. ಮಾವ ಅವತ್ತು ಮೊದಲಿನಿಂದಲೂ ಒಂದು ಥರಾ ಇದ್ದ. ಎರಡು ಸಲ ನನ್ನ ಕಡೆ ನೋಡಿ, "ಬ್ಯಾರೇದು ಹಾಕಬಾರ್ದೇನಲೇ?" ಎಂದು ಪಿಸುಗುಟ್ಟಿದ. ಹೊಟ್ಟೆಕಿಚ್ಚು, ಎಂದುಕೊಂಡೆ. ಅವನಿಗೂ ಒಂದು ದಿನ ಆಗಲಿ ಬಿಡು.

ಸಿನಿಮಾ ಶುರುವಾಗಿ ಇಪ್ಪತ್ತು ನಿಮಿಷವಾಗಿರಬೇಕು, ಹಾರುವ ಬಂಡಿ ಬಂತು. ಇಷ್ಟು ಬೇಗ ಯಾಕೆ ಬಂತು? ಅಪ್ಪ ಮಗ ನಕ್ಕರು. ಎಲ್ಲಿ ಆ ನಗು ನಿಲ್ಲಬೇಕಿತ್ತೋ ಅಲ್ಲಿ ನಿಲ್ಲಲಿಲ್ಲ. ನಕ್ಕು ಮುಗಿಸಿ, ಅಪ್ಪ ಕೆಮ್ಮಿ, ಬಂಡಿ ಇಳಿದು, ಊಟದ ಮಾತಾಡಿದರು. ಆಮೇಲೆ ಅಪಘಾತ, ಆಮೇಲೆ ಕಬ್ಬಿಣದ ಕೈ, ಆಮೇಲೆ ಹೊಡೆದಾಟ. ಕೊನೆಗೆ ಸ್ಫೋಟ. ಅಪ್ಪ ಸತ್ತ. ಮಗ ಒಬ್ಬನೇ ನಿಂತ. ಪರದೆ ಕಪ್ಪಾಯಿತು. ನಾನು ಕಾದೆ. ಹೆಸರುಗಳು ಮೇಲೇರತೊಡಗಿದವು.

ದೀಪ ಹಾಕಿದೆ. ಹಿಂದಿನ ಸಾಲಿನಿಂದ ಒಬ್ಬ ಬಹಳ ವಿನಯದಿಂದ ಕೇಳಿದ: "ಸರ್, ಕಾಲ ಯಾವಾಗ ತಿರುಗತೈತ್ರಿ?"

ಇಡೀ ಕೊಠಡಿ ಬಿದ್ದು ಬಿದ್ದು ನಕ್ಕಿತು. ಆಗ ಮಾವ ಎದ್ದು ನಿಂತ.

"ನಿಮ್ಮ ಸರ್ ಹೇಳಿದ್ದು ಖರೆ ಐತಿ. ನಾ ಬಾಜೂಕ ಕುಂತು ನೋಡೀನಿ. ಇದು ಫೋನಿನ್ಯಾಗಿನ ಪಿಚ್ಚರು, ಕೊನಿ ಕಟ್ ಮಾಡ್ಯಾರ. ಡಾಟಾ ಉಳಸಾಕ!"

ಅಷ್ಟಕ್ಕೆ ಬಿಡಲಿಲ್ಲ. ಕಟ್ ಆದ ಕೊನೆಯನ್ನು ತಾನೇ ಹೇಳಿದ. ಕೋಟಿನ ತೋಳನ್ನು ಒಳಗೆಳೆದುಕೊಂಡು ಕೈ ಇಲ್ಲದಂತೆ ಮಾಡಿ, ಆಮೇಲೆ ಮೆಲ್ಲಗೆ ಐದು ಬೆರಳು ಹೊರಗೆ ತಂದಾಗ, ನಗುತ್ತಿದ್ದ ಅದೇ ಹುಡುಗರು ಸುಮ್ಮನಾದರು. ಆ ವಿದ್ಯಾರ್ಥಿನಿ ಅತ್ತಳು. ಚಪ್ಪಾಳೆ ನಿಲ್ಲಲೇ ಇಲ್ಲ. ನನಗೆ ಉಳಿದಿದ್ದ ಒಂದೇ ಒಂದು ಸಿನಿಮಾವನ್ನೂ ನನ್ನ ಕಣ್ಣೆದುರೇ ಎತ್ತಿಕೊಂಡು ಹೋದ!

ಆದರೆ ಹುಡುಗರು ನಕ್ಕದ್ದಾಗಲಿ, ಮಾವ ಗೆದ್ದದ್ದಾಗಲಿ ನಿಜವಾದ ಪೆಟ್ಟಲ್ಲ. ಅಪ್ಪನ ಬಗ್ಗೆ ನನ್ನ ಬಳಿ ಇರುವುದು ಮೂರೇ ನೆನಪು. ಅಂಗಿಯ ತುಂಬ ಕೆಂಪು ಧೂಳಿನ ವಾಸನೆ. ತೊಡೆಯ ಮೇಲೆ ಕೂರಿಸಿಕೊಂಡು ಲಾರಿಯ ಹಾರ್ನ್ ಒತ್ತಿಸಿದ್ದು. ಹೆಬ್ಬೆರಳಿನ ಮೇಲೊಂದು ಗಾಯದ ಗುರುತು. ಇವೂ ಅದೇ ವರ್ಷದ, ಅದೇ ತಲೆಯೊಳಗಿನ ಸರಕು. ಸತ್ತ ಅಪ್ಪನನ್ನು ಪರದೆಯ ಮೇಲೆ ವಾಪಸು ಕರೆತಂದದ್ದು ಏಳು ವರ್ಷದ ಹುಡುಗನ ತಲೆಯೇ ಆಗಿದ್ದರೆ, ಹಾರ್ನ್ ಒತ್ತಿದ್ದೂ ಅದೇ ತಲೆ ಕಟ್ಟಿದ ಕಥೆಯಾಗಿರಬಾರದೇಕೆ? ಸಿನಿಮಾದ ನೆನಪೊಂದು ಸುಳ್ಳಾದರೆ ನಾಲ್ಕೂ ಹೋಗುತ್ತಿದ್ದವು.

ಮರುದಿನ ಮಾವನ ಮನೆಗೆ ಹೋದೆ. "ಮಾವ, ಖರೆ ಹೇಳು. ಆವತ್ತು ನಾವು ಏನು ನೋಡಿದ್ವಿ?"

"ಹೇಳಿದ್ನಲ್ಲಲೇ. ಕಟ್ ಮಾಡ್ಯಾರ."

"ಮೂರು ಕಡೆ ಹುಡುಕಿ ನೋಡೀನಿ. ಮೂರರಾಗೂ ಸಾಯ್ತಾನ."

"ಮೂರೂ ಕಡೆ ಕಟ್ ಮಾಡ್ಯಾರ!"

ಒಂದು ಸುಳ್ಳನ್ನು ಹೇಳಲು ಹತ್ತು ನಿಮಿಷ ತೆಗೆದುಕೊಳ್ಳುವ ಮನುಷ್ಯ ಎರಡೇ ಮಾತಿಗೆ ಮುಗಿಸಿದ. ಮನೆಯೊಳಗೆ ಕೂತವನು ಕಪ್ಪು ಕನ್ನಡಕ ಹಾಕಿಕೊಂಡ. "ಆ ಟಾಕೀಸಿನ ಆಪರೇಟರ್ ಇನ್ನೂ ಅದಾನೇನು?" ಎಂದು ಕೇಳಿದೆ. "ಯಾವ ಆಪರೇಟರ್? ನನಗ ಯಾವ ಆಪರೇಟರ್ರೂ ಗೊತ್ತಿಲ್ಲ," ಎಂದು ಎದ್ದು ಹೋಗಿ ಕಾರಣವಿಲ್ಲದೆ ಮೊಪೆಡ್ ಒರೆಸತೊಡಗಿದ. ಅನುಮಾನಕ್ಕೆಂದೇ ಹುಟ್ಟಿದ ನನಗೆ ಇನ್ನೇನು ಬೇಕು? ಭಾನುವಾರ ಕಂಪ್ಲಿ ಬಸ್ಸು ಹತ್ತಿದೆ.

ಟಾಕೀಸು ಈಗ ಭತ್ತದ ಮೂಟೆಗಳ ಗೋದಾಮು. ಅಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಮುದುಕ ಪಕ್ಕದ ಓಣಿಯಲ್ಲೇ ಫ್ಯಾನು, ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದ. ನಾನು ಯಾರ ಅಳಿಯನೆಂದು ಹೇಳಿದ ಕೂಡಲೇ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಬರ್ರಿ, ಕುಂದ್ರಿ. ಅಂವ ಇನ್ನೂ ಸ್ಟೈಲ್ ಹೊಡೀತಾನಾ? ನೀವು ಅವತ್ತಿನ ಆ ಸಣ್ಣ ಹುಡುಗ?"

"ಅವತ್ತಿನ ಅಂದ್ರ?"

"ಅಂವ ಹೇಳಿಲ್ಲೇನ್ರಿ?" ಮುದುಕನಿಗೆ ಆಶ್ಚರ್ಯ. "ಆ ಪಿಚ್ಚರು ಅಂವ ಹೊಸಪೇಟ್ಯಾಗ ಮೊದಲ ನೋಡಿ ಬಂದಿದ್ದ. ನೀವು ಪೋಸ್ಟರ್ ನೋಡಿ ಅದ ಬೇಕಂತ ಹಟ ಹಿಡಿದೀರಂತ. ನಿಮ್ಮನ್ನ ಸೀಟಿನ್ಯಾಗ ಕುಂದ್ರಿಸಿ ಮ್ಯಾಲ ಕ್ಯಾಬಿನ್ನಿಗೆ ಓಡಿ ಬಂದ. 'ಭಾಯ್, ಹುಡುಗನ ಅಪ್ಪ ಹೋಗಿ ಎರಡು ತಿಂಗಳಾತು. ಪಿಚ್ಚರ್‍ನಾಗೂ ಅಪ್ಪ ಸಾಯೋದು ಬ್ಯಾಡ' ಅಂದ. ಸಾಯೋ ರೀಲು ಹೆಂಗ ಬಿಡ್ಲಿ ಮಾರಾಯ, ಎಲ್ಲಾ ಫೈಟು ಅದರಾಗ ಐತಿ, ಪಬ್ಲಿಕ್ ಕುರ್ಚಿ ಮುರೀತಾರ ಅಂದೆ. ಅಲ್ಲಿದ್ದ ರೀಲಿನ ಡಬ್ಬಿ ಎಣಿಸಿದ. ಆಮ್ಯಾಲ ಅಂದ, 'ಸಾಯ್ಲಿ. ಸತ್ತ ಮ್ಯಾಲ ಬರ್ಲಿ. ಬಂಡ್ಯಾಗ ನಗೋ ಮೂರನೇ ರೀಲು ಈಗ ಹಾಕಬ್ಯಾಡ, ಕೊನಿಗೆ ಹಾಕು.'"

ನಾನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಯಾರಿಗೂ ತಿಳೀಲಿಲ್ಲೇನ್ರಿ?"

"ಇಂಗ್ಲಿಷ್ ಪಿಚ್ಚರ್‍ರಿ, ಏನ್ ತಿಳೀತೈತಿ! ಮೂರನೇ ರೀಲು ಎಲ್ಲಿ ಹೋತು ಅಂತ ಒಬ್ಬನೂ ಕೇಳ್ಲಿಲ್ಲ. ಸತ್ತ ಮ್ಯಾಲ 'ದಿ ಎಂಡ್' ಅಂತ ಬರೂಮುಂದ ಲೆನ್ಸಿಗೆ ಅಂಗೈ ಅಡ್ಡ ಹಿಡಿದೆ. ಆ ಕಡೆ ಮಷೀನಿನ್ಯಾಗ ಮೂರನೇ ರೀಲು ಬಿಟ್ಟೆ. ಹೀರೋ ಹೊಳ್ಳಿ ಬಂದ ನೋಡ್ರಿ, ಏನ್ ಸೀಟಿ, ಏನ್ ಸೀಟಿ! ರೀಲು ಮುಗಿದ ಮ್ಯಾಲ ಅಪ್ಪ ಮಗ ನಗೂದೂ ಅರ್ಧಕ್ಕ ನಿಂತಿತು. ಮಾಲಕ ಓಡಿ ಬಂದ, ಕೆಲಸ ಹೋತು ಅಂದ್ಕೊಂಡೆ. ಅಂವ ಪಬ್ಲಿಕ್ ನೋಡಿ, 'ನಾಳೀನೂ ಹಿಂಗ ಹಾಕು' ಅಂದ. ವಾರ ಪೂರ್ತಿ ಹಂಗ ಓಡ್ತು."

ನನ್ನ ಮೂವತ್ತೊಂದು ಪುಟದ ಅಜ್ಞಾತ ನಿರ್ದೇಶಕ ಕಡ್ಡಿರಾಂಪುರದ ಫಿಟ್ಟರ್! ಕಾಲದ ಕ್ರಮ ಮುರಿದವನು ಅವನು, ಮುಕ್ತ ಅಂತ್ಯ ಕೊಟ್ಟದ್ದು ಮುಗಿದುಹೋದ ರೀಲು. ಪ್ರಬಂಧದ ಮುನ್ನುಡಿಯಲ್ಲಿ ಹದಿನೇಳು ಜನರಿಗೆ ಕೃತಜ್ಞತೆ ಹೇಳಿದ್ದೇನೆ. ಮಾವನ ಹೆಸರಿಲ್ಲ. ಬೇಕೆಂದೇ ಬಿಟ್ಟಿದ್ದೆ.

ಎದ್ದಾಗ ಮುದುಕ ಕೈ ಹಿಡಿದು ನಿಲ್ಲಿಸಿದ. "ಒಂದ ಮಾತ್ರಿ. ಆ ರೀಲು ಓಡೂಮುಂದ ನಾ ಕಿಂಡ್ಯಾಗಿಂದ ಕೆಳಗ ನೋಡಿದೆ, ಪಬ್ಲಿಕ್ ಗಲಾಟಿ ಮಾಡ್ತಾರೇನು ಅಂತ. ಇಡೀ ಟಾಕೀಸು ಪರದೆ ನೋಡಾಕತ್ತಿತ್ತು. ಅಂವ ಒಬ್ಬ ಮಾತ್ರ ಪಕ್ಕದ ಸೀಟಿನ ಕಡೆ ತಿರುಗಿ ಕುಂತಿದ್ದ. ಮುಗಿಯೂ ತನಕ ತಿರುಗೇ ಕುಂತಿದ್ದ."

ವಾಪಸು ಬರುವ ಬಸ್ಸಿನಲ್ಲಿ ನಾನು ಅಪ್ಪನ ಲಾರಿಯ ಹಾರ್ನನ್ನು ಒಂದೆರಡು ಸಲ ಮನಸ್ಸಿನಲ್ಲೇ ಒತ್ತಿ ನೋಡಿದೆ. ಗಟ್ಟಿಯಾಗಿಯೇ ಕೇಳಿಸಿತು. ನನ್ನ ತಲೆ ಯಾವ ಕಥೆಯನ್ನೂ ಕಟ್ಟಿರಲಿಲ್ಲ. ಕಂಡದ್ದನ್ನೇ ನೆನಪಿಟ್ಟುಕೊಂಡಿತ್ತು.

ಕಡ್ಡಿರಾಂಪುರದಲ್ಲಿ ಇಳಿದೆ. ಮಾವ ಮನೆಯ ಮುಂದಿನ ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕೂತಿದ್ದ. ನಾನು ಕಂಪ್ಲಿ ಕಡೆಯ ಬಸ್ಸಿನಿಂದ ಇಳಿದದ್ದನ್ನು ನೋಡಿ ಅವನಿಗೆ ತಿಳಿಯಿತು. ಕೂರಲು ಜಾಗ ಬಿಟ್ಟ. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಇಷ್ಟೇ:

"ಮಾವ, ಆವತ್ತು ಕೊನಿ ಹೆಂಗಿತ್ತು?"

ಮಾವ ರಸ್ತೆ ನೋಡುವುದನ್ನು ಬಿಟ್ಟು ನನ್ನ ಕಡೆ ತಿರುಗಿ ಕೂತ.

"ಭಾಳ ಮಸ್ತ್ ಇತ್ತಲೇ," ಎಂದ. "ನೀ ನಕ್ಕಿದ್ದಿ."